ಕೂಸಿನ ಹೃದಯದ ಗೋಡೆ

ತಂಗಿಗೆ ಎಂಟನೆಯ ತಿಂಗಳು ನಡೆಯುತ್ತಿದ್ದಾಗ ಮಿರಜಿನ ಒಂದು ಆಸ್ಪತ್ರೆಯಲ್ಲಿ ಅವಳ ಹೊಟ್ಟೆಯೊಳಗಿನ ಕೂಸಿನ ಹೃದಯದ ಸ್ಕ್ಯಾನ್ ಮಾಡಿದರು. ಹೃದಯದ ಎಡ ಮತ್ತು ಬಲ ಕೋಣೆಗಳ ನಡುವಿನ ಗೋಡೆ ಇರಬೇಕಾದ್ದಕ್ಕಿಂತ ದಪ್ಪವಾಗಿದೆ ಎಂದು ಗೊತ್ತಾದದ್ದು ಆವತ್ತು.

ಸ್ಕ್ಯಾನ್ ಮಾಡಿದ ಡಾಕ್ಟರ್ ಬಾಯಿ (ನಮ್ಮ ಕಡೆ ಹೆಣ್ಣು ಡಾಕ್ಟರನ್ನು ಕರೆಯುವುದೇ ಹಾಗೆ) ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಬೂದು ಬಣ್ಣದ ಮಂಜಿನಲ್ಲಿ ಏನೋ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನಮ್ಮವ್ವ ಕುರ್ಚಿಯ ತುದಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. ಗಡಿಭಾಗದ ಎಲ್ಲರಂತೆ ಆ ಡಾಕ್ಟರೂ ಅರ್ಧ ಕನ್ನಡ, ಅರ್ಧ ಮರಾಠಿ ಮಾತಾಡುವವರು.

"ಘಾಬರೂ ನಕಾ, ಆಜಿ. ಹೆದರಬ್ಯಾಡ್ರಿ. ಆದ್ರ ಹಿಂಗ ಬಿಡಾಕೂ ಬರಂಗಿಲ್ಲ. ಗೋಡಿ ಇನ್ನೂ ದಪ್ಪ ಆತಂದ್ರ ರಕ್ತ ಹೊರಗ ಹೋಗೋ ದಾರಿ ಇಕ್ಕಟ್ಟ ಆಗತೈತಿ. ತಾಯಿ ಸಕ್ಕರಿ ಇವತ್ತಿಂದನ ಹತೋಟಿಗೆ ಬರಬೇಕು."

ತಂಗಿಗೆ ಬಸುರಿನಲ್ಲಿ ಸಕ್ಕರೆ ಏರಿರುವುದು ನಮಗೆ ಮೊದಲೇ ಗೊತ್ತಿತ್ತು. ಚಿಕ್ಕೋಡಿಯ ಡಾಕ್ಟರು ಊಟದಲ್ಲಿ ಪಥ್ಯ ಹೇಳಿದ್ದರು. ಅವ್ವ ಅದನ್ನು ವ್ರತದ ಹಾಗೆ ನಡೆಸುತ್ತಿದ್ದಳು. ಮನೆಯಲ್ಲಿ ಸಿಹಿ ಮಾಡುವುದನ್ನೇ ಬಿಟ್ಟಿದ್ದಳು. ಬಸುರಿಗೆ ಬುತ್ತಿ ತಂದ ಓಣಿಯ ಹೆಂಗಸರನ್ನು ಬಾಗಿಲಲ್ಲೇ ನಿಲ್ಲಿಸಿ, ಹೋಳಿಗೆ ಇದ್ದರೆ ನನಗೆ ಕೊಡಿ, ಅವಳಿಗೆ ಬರೀ ರೊಟ್ಟಿ–ಪಲ್ಯ ಎಂದು ಹೇಳುತ್ತಿದ್ದಳು. ಆದ್ದರಿಂದ ಈಗ ಅವಳಿಗೆ ತನ್ನ ಮೇಲೆ ಆರೋಪ ಬಂದಂತಾಯಿತು.

"ಚಾದಾಗ ಸುದ್ದಾ ಒಂದು ಕಾಳು ಸಕ್ರಿ ಹಾಕಿಲ್ರಿ ಬಾಯೀ. ಬೇಕಾದ್ರ ಅಕಿನ್ನ ಕೇಳ್ರಿ."

ಡಾಕ್ಟರು ತಂಗಿಯ ಕಡೆ ತಿರುಗಿ ಬೆಳಗ್ಗೆ ಎದ್ದಕೂಡಲೇ ಏನು ತಿನ್ನುತ್ತಿ ಎಂದು ಕೇಳಿದರು.

"ಮನೂಕಾ."

"ಎಷ್ಟು?"

"ಒಂದು ಬಟ್ಟಲ. ನೆನಸಿದ್ದು. ನೀರೂ ಕುಡಿತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಗಲಿಲ್ಲ, ಬೈಯಲೂ ಇಲ್ಲ. ಇವತ್ತಿನಿಂದ ಮನೂಕ ಬಂದ್, ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಎಂದು ಬರೆದುಕೊಟ್ಟರು. ಪಕ್ಕದ ಕೋಣೆಯಲ್ಲಿ ನರ್ಸ್ ಒಬ್ಬಳು ಹೊಟ್ಟೆಗೋ ತೊಡೆಗೋ ಚುಚ್ಚಿಕೊಳ್ಳುವುದು ಹೇಗೆಂದು ಕಲಿಸಿದಳು.

ಮನೂಕ ಎಂದರೆ ನಮ್ಮ ಕಡೆ ಒಣದ್ರಾಕ್ಷಿ. ತಂಗಿಯನ್ನು ಕೊಟ್ಟದ್ದು ಐಗಳಿಗೆ. ಅವಳ ಗಂಡನ ಮನೆಯವರಿಗೆ ದ್ರಾಕ್ಷಿ ತೋಟ ಇದೆ, ಹಣ್ಣು ಒಣಗಿಸುವ ಸ್ವಂತ ಶೆಡ್ ಇದೆ. ಸೀಮಂತದ ಕುಬಸ ಮುಗಿಸಿ ತಂಗಿ ತವರಿಗೆ ಬಂದಾಗ ಅವಳ ಅತ್ತೆ ಆ ವರ್ಷದ ಹೊಸ ಮನೂಕವನ್ನು ಸ್ಟೀಲ್ ಡಬ್ಬಿ ತುಂಬಿಸಿ ಕಳಿಸಿದ್ದರು. ಡಬ್ಬಿ ಖಾಲಿಯಾಗುವ ಮೊದಲೇ ಇನ್ನೊಂದು ಬಂದಿತ್ತು. ಬಸುರಿಗೆ ಮನೂಕ ರಕ್ತ ಕೊಡುತ್ತದೆ ಎಂಬುದು ಆ ಭಾಗದಲ್ಲಿ ಯಾರೂ ಚರ್ಚಿಸದ ವಿಷಯ. ಅದನ್ನು ಯಾರೂ ಸಿಹಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಔಷಧ ಎಂದು ಹಿಡಿಯುತ್ತಾರೆ. ನಾನೂ ಹಾಗೆಯೇ ಹಿಡಿದಿದ್ದೆ.

ಆವತ್ತೇ ಕಾರಿನಲ್ಲಿ ಚಿಕ್ಕೋಡಿಗೆ ಹೊರಟೆವು. ಕೃಷ್ಣೆಯ ಸೇತುವೆ ದಾಟಿದ ಮೇಲೆ ತಂಗಿ ಹಿಂದಿನ ಸೀಟಿನಿಂದ ಹೇಳಿದಳು.

"ಅಣ್ಣಾ, ಮನೂಕದ ಮಾತು ನಮ್ಮತ್ತಿ ಮುಂದ ಬ್ಯಾಡ."

"ಯಾಕ?"

"ಅವರು ಒಂದೊಂದ ಕಾಳು ಆರಿಸಿ ಕಳಿಸ್ಯಾರ. ಬ್ಯಾಡ ಅಂದ್ರ ಬ್ಯಾಡ."

ಮರುದಿನ ಬೆಳಗ್ಗೆ ಇನ್ಸುಲಿನ್ ಫ್ರಿಜ್ಜಿನಲ್ಲೇ ಉಳಿಯಿತು. ಅವ್ವ ಸ್ನಾನ ಮುಗಿಸಿ ದೇವರಿಗೆ ದೀಪ ಹಚ್ಚಿ ಬಂದು, ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಹೊಟ್ಟ್ಯಾಗ ಕೂಸ ಇಟಗೊಂಡು ಹೊಟ್ಟಿಗೇ ಸೂಜಿ ಚುಚ್ಚೋದಂದ್ರ ಹುಡುಗಾಟೇನೋ? ಮನೂಕಾ ಬಿಟ್ಟಾಳಲ್ಲ, ಎರಡು ದಿನ ನೋಡೋಣ."

"ಅವ್ವಾ, ಡಾಕ್ಟರ್ ಇವತ್ತಿಂದನ ಅಂದಾರ."

"ಡಾಕ್ಟರ್ ಅಂದಾರ. ಯಾಕ ಅಂದಾರ, ಅದನ್ನ ನೀ ಹೇಳು ನನಗ."

ಅದು ನ್ಯಾಯವಾದ ಪ್ರಶ್ನೆ. ನಾನು ಚಿಕ್ಕೋಡಿಯಲ್ಲಿ ಒಂದು ಕನ್ನಡ ಪತ್ರಿಕೆಗೆ ವರದಿಗಾರ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತ ಮಾಡಿಕೊಳ್ಳದೆ ಬರೆಯಬಾರದು ಎಂಬುದು ನನ್ನ ಕೆಲಸದ ಮೊದಲ ನಿಯಮ. ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಮಗುವಿನ ಹೃದಯದ ಗೋಡೆ ಏಕೆ ದಪ್ಪವಾಗಬೇಕು? ಸಕ್ಕರೆ ಹೋಗಿ ಗೋಡೆಗೆ ಅಂಟಿಕೊಳ್ಳುವುದಿಲ್ಲವಲ್ಲ.

ನಿಪ್ಪಾಣಿಯಲ್ಲಿ ನನ್ನ ಕಾಲೇಜು ದಿನಗಳ ಗೆಳತಿಯೊಬ್ಬಳು ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಅವಳು ಡಾಕ್ಟರೇಟಿಗಾಗಿ ಓದಿದ್ದು ಕೋಳಿಮರಿಯ ಹೃದಯ ಮೊಟ್ಟೆಯೊಳಗೆ ಹೇಗೆ ಬೆಳೆಯುತ್ತದೆ ಎಂಬುದನ್ನು. ಆ ದಿನ ನನಗೆ ನಿಪ್ಪಾಣಿಯಲ್ಲಿ ಒಂದು ಸಭೆಯ ವರದಿ ಇತ್ತು. ಅದು ಮುಗಿದ ಮೇಲೆ ಅವಳ ಲ್ಯಾಬಿಗೆ ಹೋದೆ.

"ಬಾರಪಾ ಪೇಪರಪ್ಪಾ," ಎಂದಳು. "ಸುದ್ದಿ ಕಡಿಮಿ ಬಿದ್ದಾವೇನು? ಕೋಳಿ ಮೊಟ್ಟಿ ಹುಡಿಕ್ಕೊಂಡು ಬಂದಿ?"

ವಿಷಯ ಹೇಳಿದೆ. ಅವಳು ಚೇಷ್ಟೆ ನಿಲ್ಲಿಸಿದಳು. ಮೂಲೆಯಲ್ಲಿ ಬೆಚ್ಚಗಿನ ಪೆಟ್ಟಿಗೆಯೊಂದಿತ್ತು. ಅದರಿಂದ ಒಂದು ಮೊಟ್ಟೆ ತೆಗೆದಳು. ಚಿಪ್ಪಿನಲ್ಲಿ ಚಿಕ್ಕ ಕಿಟಕಿಯ ಹಾಗೆ ಕತ್ತರಿಸಿ, ಅದರ ಮೇಲೆ ತೆಳು ಹಾಳೆ ಅಂಟಿಸಿದ್ದಳು. ದೀಪ ಸರಿಮಾಡಿ ನೋಡು ಎಂದಳು. ಹಳದಿಯ ಮೇಲೆ ಕೆಂಪು ದಾರದಂತಹ ರಕ್ತನಾಳಗಳು ಹರಡಿದ್ದವು. ಅವುಗಳ ನಡುವೆ ಸಾಸಿವೆ ಕಾಳಿನಷ್ಟು ದೊಡ್ಡ ಚುಕ್ಕೆ. ಅದು ಬಡಿಯುತ್ತಿತ್ತು. ಕಣ್ಣು, ರೆಕ್ಕೆ, ಕಾಲು ಯಾವುದೂ ಸರಿಯಾಗಿ ಆಗಿರಲಿಲ್ಲ. ಹೃದಯ ಮಾತ್ರ ಕೆಲಸಕ್ಕೆ ಹತ್ತಿತ್ತು.

ಅವಳು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಾವು ತಿಂದ ಬೇಳೆ, ಹಾಲು, ಮೊಟ್ಟೆ ಹೊಟ್ಟೆಯಲ್ಲಿ ಒಡೆದು ಅಮಿನೋ ಆಮ್ಲಗಳೆಂಬ ತುಂಡುಗಳಾಗುತ್ತವೆ. ಆ ತುಂಡುಗಳನ್ನು ಜೋಡಿಸಿ ದೇಹ ತನ್ನ ಮಾಂಸ ಕಟ್ಟಿಕೊಳ್ಳುತ್ತದೆ. ಆದರೆ ತುಂಡುಗಳು ರಕ್ತದಲ್ಲಿ ತೇಲುತ್ತಿದ್ದರೆ ಸಾಲದು. ಜೀವಕೋಶ ಅವನ್ನು ಒಳಗೆ ಎಳೆದುಕೊಳ್ಳಬೇಕು. ಭ್ರೂಣದ ಹೃದಯವನ್ನು ಮೊಟ್ಟೆಯಿಂದ ತೆಗೆದು, ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಇಟ್ಟರೆ ಅದು ಸ್ವಲ್ಪ ಹೊತ್ತು ಬದುಕಿರುತ್ತದೆ. ಆ ನೀರಿಗೆ ಅಮಿನೋ ಆಮ್ಲ ಬೆರೆಸಿ, ಒಂದು ಬಟ್ಟಲಿಗೆ ಇನ್ಸುಲಿನ್ ಹಾಕಿ, ಇನ್ನೊಂದಕ್ಕೆ ಹಾಕದೆ ಬಿಟ್ಟರೆ, ಇನ್ಸುಲಿನ್ ಇದ್ದ ಬಟ್ಟಲಿನ ಹೃದಯ ಹೆಚ್ಚು ಎಳೆದುಕೊಳ್ಳುತ್ತದೆ.

"ಹಂಗಂದ್ರ ಇನ್ಸುಲಿನ್ ಸಕ್ಕರಿ ಇಳಸೋ ಔಷಧ ಅಷ್ಟ ಅಲ್ಲ," ಎಂದೆ.

"ಅಲ್ಲ. ಅದು ಬೆಳಿ ಅಂತ ಹೇಳೋ ಹಾರ್ಮೋನೂ ಹೌದು. ಹೊಟ್ಟ್ಯಾಗಿನ ಕೂಸಿಗಂತೂ ಅದ ದೊಡ್ಡ ಕೆಲಸ. ತಗೋ ಅಂದ್ರ ತಗೋತೈತಿ, ಸಾಕು ಅನ್ನೋದು ಆ ಹೃದಯಕ್ಕ ಬರಂಗಿಲ್ಲ."

ಮತ್ತೆ ತಾನೇ ತಡೆದು, ಕೋಳಿಯದು ಕೋಳಿಯದೇ, ಮನುಷ್ಯನ ಕೂಸಿನಲ್ಲಿ ಇನ್ನೂ ಹಲವು ಹಾರ್ಮೋನು, ಹಲವು ತೊಡಕು ಇರುತ್ತವೆ, ಎರಡನ್ನೂ ಒಂದೇ ಎಂದು ಎಲ್ಲಿಯೂ ಬರೆದುಬಿಡಬೇಡ ಎಂದಳು. ಹಾರ್ಮೋನು ಒಂದೇ ಎಲ್ಲವನ್ನೂ ನಡೆಸುವುದಿಲ್ಲ ಎಂದೂ ಹೇಳಿದಳು. ಅಮಿನೋ ಆಮ್ಲ ಸಿಗದಂತೆ ಸ್ವಲ್ಪ ಹೊತ್ತು ಉಪವಾಸ ಕೆಡವಿದ ಹೃದಯಕ್ಕೆ, ಆಮೇಲೆ ಯಾರೂ ಹೇಳದಿದ್ದರೂ, ತಾನಾಗಿ ಹೆಚ್ಚು ಎಳೆದುಕೊಳ್ಳುವ ಶಕ್ತಿ ಬರುತ್ತದಂತೆ. ಅವಳು ಮೊಟ್ಟೆಯನ್ನು ಮತ್ತೆ ಪೆಟ್ಟಿಗೆಯಲ್ಲಿ ಇಡುವ ಮೊದಲು ನಾನು ಇನ್ನೊಮ್ಮೆ ನೋಡಿದೆ. ಇಷ್ಟು ಚಿಕ್ಕದಕ್ಕೆ ಹಸಿವಿನ ಪರಿಚಯ ಇಷ್ಟು ಬೇಗ ಆಗಬೇಕೆ ಅನ್ನಿಸಿತು.

ಮನೆಗೆ ಬಂದಾಗ ಜಗಲಿಯ ಮೇಲೆ ಐಗಳಿಯ ಬೀಗತಿಯವರ, ಅಂದರೆ ತಂಗಿಯ ಅತ್ತೆಯ, ಚಪ್ಪಲಿ ಇದ್ದವು. ತಂಗಿಯ ಗಂಡ ಸ್ಕ್ಯಾನಿನ ಸುದ್ದಿ ಹೇಳಿದಕೂಡಲೇ ಅವರು ಅಥಣಿಗೆ ಬಂದು ಬಸ್ಸು ಹಿಡಿದಿದ್ದರು. ಎತ್ತರದ ಹೆಂಗಸು, ದನಿಯೂ ದೊಡ್ಡದು. ತಂಗಿಯ ಪಕ್ಕ ಕೂತು ಅವಳ ಕಾಲಿನ ಬಾವು ಒತ್ತಿ ನೋಡುತ್ತಿದ್ದರು. ಅವರ ಚೀಲದಲ್ಲಿ ಮತ್ತೊಂದು ಸ್ಟೀಲ್ ಡಬ್ಬಿ ಇತ್ತು. ಅದನ್ನು ನಾನೂ ನೋಡಿದೆ, ತಂಗಿಯೂ ನೋಡಿದಳು.

"ಬರ್ರಿ ಅಣ್ಣಾರ," ಎಂದರು. "ನಿಪ್ಪಾಣಿಗೆ ಹೋಗಿ ಏನ ತಿಳ್ಕೊಂಡ ಬಂದ್ರಿ? ನಮಗೂ ತಿಳಿಯೂ ಹಂಗ ಹೇಳ್ರಿ."

ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ ಕೈ ಎತ್ತಿದರು.

"ತಿಳೀತು ಬಿಡ್ರಿ. ಇದು ನಮ್ಮ ಜಿ.ಎ. ಇದ್ದಂಗ."

ಜಿ.ಎ. ಎಂಬುದು ದ್ರಾಕ್ಷಿಗೆ ಹಾಕುವ ಹಾರ್ಮೋನು. ಕಾಯಿ ಸಣ್ಣದಿರುವಾಗ ಅದನ್ನು ನೀರಿನಲ್ಲಿ ಕರಗಿಸಿ, ಮಗ್ಗಿನಲ್ಲಿ ಹಿಡಿದು, ಒಂದೊಂದೇ ಗೊನೆಯನ್ನು ಅದರಲ್ಲಿ ಮುಳುಗಿಸಿ ತೆಗೆಯುತ್ತಾರೆ. ಡಿಪ್ಪಿಂಗ್ ಎನ್ನುತ್ತಾರೆ. ಕಾಳು ಉದ್ದವಾಗಿ, ದುಂಡಗೆ ತುಂಬಿಕೊಳ್ಳುತ್ತದೆ. ಬೀಗತಿಯವರು ಮದುವೆಯಾಗಿ ಬಂದಾಗಿನಿಂದ ಆ ಕೆಲಸ ಮಾಡಿದವರು.

ಅವ್ವ ಕೇಳಿದಳು, "ಡೋಸ್ ಹೆಚ್ಚಾದ್ರ?"

"ಹೆಚ್ಚಾದ್ರ ದೇಟು ದಪ್ಪ ಆಗತೈತ್ರಿ. ಕಟ್ಟಿಗಿ ಆದಂಗ. ಆಮ್ಯಾಲ ಕಾಳು ಉದರತಾವ."

ಅವ್ವ ನನ್ನ ಕಡೆ ತಿರುಗಿದಳು.

"ಕೇಳಿದಿಲ್ಲೋ? ಇನ್ಸುಲಿನ್ ಹಾಕಿದ್ರ ಹೃದಯ ಹೆಚ್ಚಿಗಿ ಎಳ್ಕೋತೈತಿ ಅಂತ ನೀನ ಹೇಳಿದಿ. ಗೋಡಿ ಆಗಲೇ ದಪ್ಪ ಆಗೇತಿ. ಅದರ ಮ್ಯಾಲ ಮತ್ತ ಇನ್ಸುಲಿನ್ ಹಾಕು ಅಂತೀರಿ?"

"ಬೀಗತ್ಯಾರ ಹೇಳೋದು ಖರೇ ಐತ್ರಿ," ಎಂದರು ಐಗಳಿಯವರು ಅವ್ವನನ್ನು ತೋರಿಸಿ. "ದೇಟು ದಪ್ಪ ಆದ ಗೊನಿಗೆ ಮತ್ತ ಡಿಪ್ಪಿಂಗ್ ಮಾಡೋ ಹುಚ್ಚರು ನಮ್ಮೂರಾಗ ಯಾರೂ ಇಲ್ಲ."

ತಂಗಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು.

"ಅಣ್ಣಾ, ನಾ ತಗೋಳಂಗಿಲ್ಲ. ಖಾತ್ರಿ ಆಗೂ ಮಟ ನಾ ತಗೋಳಂಗಿಲ್ಲ."

ಎರಡು ಕುಟುಂಬಗಳು ಒಂದೇ ಮಾತಿಗೆ ಬಂದಿದ್ದವು, ಆ ಮಾತು ತರ್ಕಬದ್ಧವಾಗಿತ್ತು. ದ್ರಾಕ್ಷಿ ಬೆಳೆಯದ ಊರಿನಲ್ಲಿ ಹೀಗೆ ಯೋಚಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಡಾಕ್ಟರ್ ಹೇಳಿದ್ದನ್ನು ಸುಮ್ಮನೆ ಕೇಳುತ್ತಿದ್ದರು, ಇಲ್ಲವೇ ಸುಮ್ಮನೆ ಬಿಡುತ್ತಿದ್ದರು. ಇಲ್ಲಿ ಕಾರಣ ಕೊಟ್ಟು ನಿರಾಕರಿಸಿದ್ದರು. ಹೆದರಬೇಡಿ ಎಂದು ಹೇಳುವುದರಿಂದ ಪ್ರಯೋಜನವಿರಲಿಲ್ಲ. ಬೆಳಗಿನ ಸೂಜಿ ತಪ್ಪಿತ್ತು, ಇಷ್ಟರಲ್ಲಿ ಸಂಜೆಯದೂ ತಪ್ಪುವುದರಲ್ಲಿತ್ತು. ನಾನು ಗೆಳತಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ, ಚಾಪೆಯ ನಡುವೆ ಇಟ್ಟೆ.

ಅವಳು ಬೀಗತಿಯವರ ವಾದವನ್ನು ಪೂರ್ತಿ ಕೇಳಿದಳು. ನಂತರ ಅವರನ್ನೇ ಪ್ರಶ್ನಿಸಿದಳು.

"ಅಕ್ಕಾರ, ಒಂದು ಮಾತು ಕೇಳತೀನಿ. ಅಷ್ಟು ಗೊನಿ ಒಂದೊಂದ ಹಿಡದು ಮುಳಗಸ್ತೀರಿ. ಕೈ ನೋಯಂಗಿಲ್ಲೇನ್ರಿ?"

"ನೋಯಲಾರದ ಏನು. ರಟ್ಟಿ ಬಿದ್ದಂಗ ಆಗತಾವ."

"ಮತ್ತ ಆ ಜಿ.ಎ. ಡ್ರಿಪ್ ನೀರಾಗ ಬಿಟ್ಟರ ಆಗಂಗಿಲ್ಲೇನು? ಇಲ್ಲಾ ಎಲಿಗೆ ಹೊಡದು ಬಿಟ್ರ?"

"ಅಯ್ಯ, ಎಲಿಗೆ ಹೊಡದ್ರ ಎಲಿಯಾಗ ಉಳಿತೈತಿ. ಗೊನಿಗೆ ಮುಟ್ಟಬೇಕಂದ್ರ ಗೊನಿಗೇ ಹಚ್ಚಬೇಕು."

"ನಾ ಲ್ಯಾಬಿನ್ಯಾಗ ಇನ್ಸುಲಿನ್ ಹಾಕಿದ್ದು ಗೊನಿಗೆ ರೀ. ಹೃದಯಕ್ಕ ನೇರ. ನಿಮ್ಮ ಸೊಸಿ ಹಾಕ್ಕೊಳ್ಳೋ ಸೂಜಿ ಎಲಿಗೆ. ನಡುವ ಮಾಸ ಇರತೈತಲ್ಲ, ಹೆರಿಗಿ ಆದ ಮ್ಯಾಲ ಬೀಳತೈತಲ್ಲ, ಅದು ಇನ್ಸುಲಿನ್ ಆ ಕಡೆ ಬಿಡಂಗಿಲ್ಲ. ತಾಯಿದು ತಾಯಿಗೆ."

ಬೀಗತಿಯವರು ಫೋನಿನ ಹತ್ತಿರ ಸರಿದು ಕೂತರು.

"ಹಂಗಾರ ಗೋಡಿ ದಪ್ಪ ಮಾಡಿದ್ದು ಯಾರದು?"

"ಕೂಸಿಂದ. ಮಾಸ ಇನ್ಸುಲಿನ್ ಬಿಡಂಗಿಲ್ಲ, ಆದ್ರ ಸಕ್ಕರಿ ಬಿಡತೈತಿ. ತಾಯಿ ರಕ್ತದಾಗ ಎಷ್ಟು ಏರತೈತೋ ಅದು ಕೂಸಿಗೂ ಹೋಗತೈತಿ. ಕೂಸು ಆ ಸಕ್ಕರಿ ತಡಕೊಳ್ಳಾಕ ತಾನ ಇನ್ಸುಲಿನ್ ತಯಾರ ಮಾಡತೈತಿ. ಸಕ್ಕರಿ ಹೆಚ್ಚು, ಇನ್ಸುಲಿನ್ ಹೆಚ್ಚು. ಇನ್ಸುಲಿನ್ ಹೆಚ್ಚಾತಂದ್ರ ಹೃದಯ ಎಳಕೊಳ್ಳೋದೂ ಹೆಚ್ಚು. ಸೂಜಿ ಹಾಕಿ ತಾಯಿ ಸಕ್ಕರಿ ಇಳಿಸಿದ್ರ ಕೂಸಿನ ಇನ್ಸುಲಿನ್ ಇಳಿತೈತಿ. ಆತ?"

"ಆತ್ರಿ," ಎಂದರು ಬೀಗತಿಯವರು ನಿಧಾನಕ್ಕೆ. ಅವ್ವನೂ ತಲೆಯಾಡಿಸಿದಳು.

ಇಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಗೆಳತಿ, ಗೊತ್ತಿಲ್ಲದೆ, ಮುಂದಿನ ಪ್ರಶ್ನೆ ಕೇಳಿದಳು. "ಸಕ್ಕರಿ ಇಷ್ಟು ಏರಾಕ ಏನು ತಿಂತಿದ್ಲು ಅಕಿ?"

"ಎಲ್ಲಾ ತಿಂತಿದ್ಲ್ರಿ ಬಾಯೀ," ಎಂದಳು ಅವ್ವ ಲಗುಬಗೆಯಿಂದ. "ಬಸರಿ ಅಂದ ಮ್ಯಾಲ ಬಾಯಿ ಕೇಳತೈತಿ." ಇಷ್ಟು ದಿನ ನಡೆಸಿದ ತನ್ನ ಪಥ್ಯದ ಹೆಸರನ್ನು ಅವಳು ಆ ಒಂದು ಮಾತಿಗೆ ಬಿಟ್ಟುಕೊಟ್ಟಳು.

ತಂಗಿ ಅವ್ವನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು.

"ಅತ್ತೀ, ನಾ ದಿನಾ ಮನೂಕಾ ತಿಂತಿದ್ನಿ. ಒಂದ ಬಟ್ಟಲ. ನೀವು ಒಂದ ಹಿಡಿ ಅಂದಿದ್ರಿ. ರುಚಿ ಇದ್ವು, ನಾನ ಹೆಚ್ಚಿಗಿ ತಿಂದ್ನಿ."

ಬೀಗತಿಯವರ ಕಣ್ಣು ಚೀಲದ ಕಡೆ ಹೋಯಿತು.

"ಮನೂಕಾ ಹಣ್ಣಲ್ಲೇನ್ರಿ ಬಾಯೀ?" ಎಂದು ಫೋನಿಗೆ ಕೇಳಿದರು.

"ಹಣ್ಣ ರೀ. ನೀರು ತಗದ ಹಣ್ಣು. ನೀರು ಹೋದ ಮ್ಯಾಲ ಉಳಿಯೋದು ಏನು, ಅದು ನಿಮಗ ಗೊತ್ತೈತಿ."

"ಗೊತ್ತೈತಿ," ಎಂದರು. ಶೆಡ್ಡಿಗೆ ಹಾಕುವ ಮೊದಲು ಹಣ್ಣಿನ ಸಿಹಿಯನ್ನು ಅಳೆದು ನೋಡುವವರು ಅವರೇ. ಸಿಹಿ ಸಾಲದಿದ್ದರೆ ಗೊನೆ ಕೊಯ್ಯಲು ಬಿಡುವುದಿಲ್ಲ. ಹಾಗಿದ್ದೂ ಆ ಸಿಹಿಯನ್ನು ಈ ಸಕ್ಕರೆಯ ಪಕ್ಕ ಇಟ್ಟು ನೋಡುವ ಪ್ರಸಂಗ ಅವರಿಗೆ ಎಂದೂ ಬಂದಿರಲಿಲ್ಲ. ಫೋನ್ ಇಟ್ಟ ಮೇಲೆ ಅವರು ಸೊಸೆಯ ಮೇಲೆ ಏರಿ ಬಂದರು.

"ನಿನ್ನೇನ ಗೊತ್ತಾದಾಗ ಹೇಳಾಕ ಏನಾಗಿತ್ತ ಬೇ ನಿನಗ? ನಾ ಏನ ಹುಲೀನಾ, ತಿಂತೀನಾ? ಮತ್ತ ಡಬ್ಬಿ ಹೊತ್ಕೊಂಡು ಬಸ್ಸಿನ್ಯಾಗ ನಿಂತು ಬಂದೀನಿ. ನನ್ನ ಕಾಲ ಯಾರು ಒತ್ತಾವರು?"

"ನಾ ಒತ್ತತೀನ್ರಿ," ಎಂದಳು ತಂಗಿ. ಕಣ್ಣು ಒರೆಸಿಕೊಂಡು ನಕ್ಕಳು.

"ನೀ ಮದಲ ಸೂಜಿ ತಗೋ."

ಹೊಟ್ಟೆಗೆ ಬೇಡವೇ ಬೇಡ ಎಂದು ಅವ್ವ ಪಟ್ಟು ಹಿಡಿದಳು. ತೊಡೆಗೆ ಆಗಬಹುದು ಎಂದು ನರ್ಸ್ ಹೇಳಿದ್ದು ಎಲ್ಲರಿಗೂ ಅನುಕೂಲವಾಯಿತು. ನಾನು ಹೊರಗೆ ಬಂದು ನಿಂತೆ. ಒಳಗೆ ಅತ್ತೆ ಚರ್ಮ ಹಿಡಿದರಂತೆ, ತಂಗಿ ತಾನೇ ಚುಚ್ಚಿಕೊಂಡಳಂತೆ. ಅವ್ವನ ದನಿ ಮಾತ್ರ ಹೊರಗೆ ಕೇಳಿಸಿತು. "ಆತೇನ? ಇಷ್ಟನಾ?"

ಆಮೇಲಿನ ದಿನಗಳಲ್ಲಿ ಹೆಚ್ಚಿನದೇನೂ ನಡೆಯಲಿಲ್ಲ, ಹೆದರಿಕೆ ಮಾತ್ರ ಮನೆಯಲ್ಲೇ ಇತ್ತು. ತಂಗಿ ಊಟವನ್ನೇ ಬಿಡಲು ನೋಡಿದಳು. ಒಂದು ತುತ್ತು ಹೆಚ್ಚಾದರೂ ಗೋಡೆಗೆ ಹೋಗಿ ಕೂರುತ್ತದೆ ಎಂಬಂತೆ ತಟ್ಟೆ ಸರಿಸುತ್ತಿದ್ದಳು. ನಾನು ನಿಪ್ಪಾಣಿಯಲ್ಲಿ ಕೇಳಿದ್ದನ್ನು, ಹಸಿದ ಹೃದಯ ತಾನಾಗಿ ಇನ್ನೂ ಹೆಚ್ಚು ಎಳೆದುಕೊಳ್ಳಲು ಕಲಿಯುವುದನ್ನು ಹೇಳಿದೆ. ಅದು ಅವಳ ಕೂಸಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೋ ನನಗೆ ತಿಳಿಯದು, ಅದನ್ನೂ ಹೇಳಿದೆ. ಅವಳು ಮೊಳಕೆ ಬರಿಸಿದ ಮಡಿಕೆ ಕಾಳಿನ ಉಸುಳಿಯನ್ನು ಮತ್ತೆ ಎಳೆದುಕೊಂಡು ತಿಂದಳು.

ಮುಂದಿನ ಸ್ಕ್ಯಾನಿನಲ್ಲಿ ಗೋಡೆ ಇಳಿದಿರಲಿಲ್ಲ, ಬೆಳೆದೂ ಇರಲಿಲ್ಲ. ಡಾಕ್ಟರ್ ಬಾಯಿ ಅದನ್ನೇ ಒಳ್ಳೆಯ ಸುದ್ದಿ ಎಂದರು.

ಹೆಣ್ಣು ಮಗು ಮಿರಜಿನಲ್ಲೇ ಹುಟ್ಟಿತು. ದಪ್ಪ ಕೂಸು. ನೋಡಲು ಬಂದವರೆಲ್ಲ ಎಷ್ಟು ಚೆಂದ ತುಂಬಿಕೊಂಡಿದೆ ಎಂದರು. ನರ್ಸುಗಳು ಮಾತ್ರ ಹಾಗೆ ನೋಡಲಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ತಾಯಿಯ ಸಕ್ಕರೆ ಬರುವುದು ನಿಂತಿರುತ್ತದೆ, ಆದರೆ ಕೂಸಿನ ಇನ್ಸುಲಿನ್ ಇನ್ನೂ ಹಳೆಯ ಲೆಕ್ಕದಲ್ಲೇ ಇರುತ್ತದೆ. ಆದ್ದರಿಂದ ಸಕ್ಕರೆ ತೀರಾ ಇಳಿದುಬಿಡಬಹುದು. ಅವರು ಮತ್ತೆ ಮತ್ತೆ ಹಿಮ್ಮಡಿ ಚುಚ್ಚಿ ರಕ್ತ ನೋಡಿದರು. ಒಮ್ಮೆ ಇಳಿಯಿತು. ಗ್ಲೂಕೋಸ್ ಕೊಟ್ಟರು, ನಿಂತಿತು. ಹೃದಯದ ಗೋಡೆ ದಪ್ಪವಾಗಿಯೇ ಇತ್ತು. ರಕ್ತದ ದಾರಿ ತೆರೆದಿತ್ತು. ಮಳೆಗಾಲ ಕಳೆದ ಮೇಲೆ ಮತ್ತೆ ಬನ್ನಿ ಎಂದರು.

ಆ ಮಳೆಗಾಲ ನಮ್ಮ ಮನೆಯಲ್ಲಿ ಕೂಸು ಮಲಗಿದಾಗಲೆಲ್ಲ ಯಾರಾದರೊಬ್ಬರು ಅದರ ಎದೆ ಏರಿಳಿಯುವುದನ್ನು ನೋಡುತ್ತ ಕೂತಿರುತ್ತಿದ್ದರು. ಹಾಲು ಕುಡಿಯುವಾಗ ಬೆವರಿತೇ, ದಣಿಯಿತೇ, ತುಟಿ ಬಣ್ಣ ಬದಲಾಯಿತೇ ಎಂದು ತಂಗಿ ನೋಡುತ್ತಿದ್ದಳು. ಅತ್ತೆ ಐಗಳಿಯಿಂದ ವಿಡಿಯೊ ಕರೆ ಮಾಡಿ, ಮುಖ ಬೇಡ, ಎದೆ ತೋರಿಸು ಎನ್ನುತ್ತಿದ್ದರು.

ಹೇಳಿದ ಸಮಯಕ್ಕೆ ನಾವು ಹೋದೆವು. ಈ ಸಲ ಬೀಗತಿಯವರೂ ಇದ್ದರು. ಡಾಕ್ಟರ್ ಬಾಯಿ ಕೂಸಿನ ಎದೆಗೆ ಜೆಲ್ ಹಚ್ಚಿ, ಪರದೆ ನೋಡುತ್ತ, ಅಳೆಯುತ್ತ, ಮತ್ತೊಮ್ಮೆ ಅಳೆದರು. ಕೂಸು ಅವರ ಕೈಯ ತಂತಿ ಹಿಡಿಯಲು ಹೆಣಗುತ್ತಿತ್ತು.

"ಸರಿ ಆಗೇತ್ರಿ," ಎಂದರು. "ಗೋಡಿ ಎಷ್ಟ ಇರಬೇಕೋ ಅಷ್ಟ ಐತಿ."

"ಔಷಧ?" ಎಂದರು ಬೀಗತಿಯವರು.

"ಏನೂ ಇಲ್ಲ."

"ಪಥ್ಯ?" ಎಂದಳು ಅವ್ವ.

"ಕೂಸಿಗೆ ಏನೂ ಇಲ್ಲ ಆಜಿ. ತಾಯಿ ತನ್ನ ಸಕ್ಕರಿ ವರ್ಷಕ್ಕೊಮ್ಮೆ ನೋಡಿಸ್ಕೊಳ್ಳಲಿ. ಇಕಿ ಹೃದಯಕ್ಕ ಹೆಚ್ಚಿಗಿ ಬೆಳಿ ಅನ್ನೋ ಮಾತು ಬರೋದು ನಿಂತಿತು, ತಾನ ಇಳೀತು. ನೀವೇನೂ ಮಾಡಬೇಕಾಗಿಲ್ಲ."

ಇಬ್ಬರು ಅಜ್ಜಿಯರೂ ಕುರ್ಚಿಯಿಂದ ಏಳಲಿಲ್ಲ. ಮಾಡಬೇಕಾದ್ದು ಇನ್ನೇನಾದರೂ ಹೇಳಬಹುದೆಂದು ಡಾಕ್ಟರರ ಮುಖ ನೋಡುತ್ತ ಕೂತರು. ಡಾಕ್ಟರು ಮುಂದಿನ ಹೆಸರು ಕರೆಯಲು ಹೇಳಿದರು. ತಂಗಿ ಕೂಸಿನ ಎದೆ ಒರೆಸಿ, ಅಂಗಿ ಎಳೆದು, ಹೆಗಲಿಗೆ ಹಾಕಿಕೊಂಡಳು.

"ಏಳ್ರಿ ಇನ್ನ," ಎಂದಳು. "ಅಕಿಗೆ ಹಸಿವಾಗೇತಿ."

ಹೊರಗಿನ ಬೆಂಚಿನಲ್ಲಿ ಸೆರಗು ಮರೆಮಾಡಿ ಕೂತು ಅವಳು ಹಾಲು ಕುಡಿಸಿದಳು. ಕೂಸು ಅವಸರದಿಂದ ಕುಡಿಯಿತು, ನಡುವೆ ಉಸಿರಿಗೆ ನಿಲ್ಲಿಸಿತು, ಮತ್ತೆ ಕುಡಿಯಿತು. ಅದು ಬೆವರಿತೇ ಎಂದು ಈ ಸಲ ಯಾರೂ ಬಗ್ಗಿ ನೋಡಲಿಲ್ಲ.